ಜಕಾತಿ ನಾಕೆ ದಾಟಿದ ಓಢಣಿ

"ಇವನ ಕೈಗೆ ರೇಷ್ಮೆ ಕೊಡಬೇಡಿ ಸೇಟ್! ಇಂಜಿನ್ ಒರೆಸೋ ಚಿಂದಿ ಬಿಟ್ರೆ ಬೇರೆ ಬಟ್ಟೆ ಕಂಡವನಲ್ಲ. ನಾಕನೇ ಇಯತ್ತೆಗೇ ಶಾಲೆ ಬಿಟ್ಟ ಗಮಾರ!"

ಪಣಜಿಯ ಆ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಂದವಳು ಶಮ್ಸುನ್ನಿಸಾ. ಅನ್ನಿಸಿಕೊಂಡವನು ಅವಳ ಅಣ್ಣ ಗನಿಯ ಗೆಳೆಯ, ಯಲ್ಲಾಪುರದ ಲಾರಿ ಡ್ರೈವರ್ ರಸೂಲ್. ಹಬ್ಬ ಮುಗಿದದ್ದೇ ಗನಿ ತನ್ನ ಮೋಟಾರಿನಲ್ಲಿ ಹೆಂಡತಿ ಚಾಂದ್ ಬಿ, ತಂಗಿ, ಇಬ್ಬರು ಗೆಳೆಯರನ್ನು ತುಂಬಿಕೊಂಡು ಫಿರಂಗಿಯವರ ಊರು ನೋಡಲು ಹೊರಟಿದ್ದ. ಇನ್ನೊಬ್ಬ ಗೆಳೆಯ ಮಂಚಿಕೇರಿಯ ಕಮಲಾಕರ.

ಬೇರೆ ಯಾರಾದರೂ ಗಮಾರ ಅಂದಿದ್ದರೆ ರಸೂಲ್ ಕಾಲರ್ ಹಿಡಿಯುತ್ತಿದ್ದ. ಆದರೆ ಅವಳ ತುಟಿಯ ಒಂದು ತುದಿ ನಗುತ್ತಿತ್ತು. ಸಿಟ್ಟು ಗಂಟಲವರೆಗೆ ಬಂದು ಅಲ್ಲೇ ನಿಂತಿತು.

ರಸೂಲ್ ಕೊಳ್ಳಬೇಕಿದ್ದ ರೇಷ್ಮೆ ಓಢಣಿಯನ್ನು ಅವಳೇ ಆರಿಸಿದಳು. ದಾಳಿಂಬೆ ಕೆಂಪು, ಮೈತುಂಬ ಜರಿಯ ಚುಕ್ಕಿ.

"ಯಾರಿಗೆ ಇದು?"

"ಅಮ್ಮಿ ತರೋಕೆ ಹೇಳಿದ್ದು," ಎಂದ ರಸೂಲ್.

ಸುಳ್ಳಲ್ಲ, ಅರ್ಧ ನಿಜ. ಬರುವ ಶುಕ್ರವಾರ ಎಕ್ಕಂಬಿಯಲ್ಲಿ ರಸೂಲನ ಅಮ್ಮಿ ಆ ಓಢಣಿಯನ್ನು ಅವನ ಮಾವನ ಮಗಳು ಅಮೀರುನ್ನಿಸಾಳ ತಲೆಗೆ ಹೊದಿಸಿ, ಬಾಯಿಗೆ ಸಕ್ಕರೆ ಇಡುವವಳಿದ್ದಳು. ಅವರ ಮನೆಗಳಲ್ಲಿ ನಾಲ್ಕು ಜನರೆದುರು ಕೆಂಪು ಓಢಣಿ ಹೊದಿಸಿದರೆ ಮಂಗ್ನಿ ಆದ ಹಾಗೆ, ಮದುವೆ ನಿಶ್ಚಯವಾದ ಹಾಗೆ. ಗೆಳೆಯರಲ್ಲಿ ಇದು ಗೊತ್ತಿದ್ದದ್ದು ಕಮಲಾಕರನಿಗೆ ಮಾತ್ರ.

ಸಂಜೆ ಮಾಂಡವಿಯ ದಂಡೆಯಲ್ಲಿ ನಡೆದರು. ಹೊಳೆಯ ಮೇಲೆ ಬಿಸಿಲು ಕರಗಿದ ಬೆಲ್ಲದಂತೆ ಹರಡಿತ್ತು. ಶಮ್ಸು ಬೇಕೆಂದೇ ಹಿಂದೆ ಬಿದ್ದಳು.

"ಸಿಟ್ಟು ಬಂತಾ?"

"ಬಂತು."

"ಎಲ್ಲಿ? ಕಾಣಿಸ್ತಿಲ್ಲ."

"ನುಂಗಿದೆ."

"ಅಷ್ಟು ದೊಡ್ಡದನ್ನಾ!" ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಕಣ್ಣು ಮಾತ್ರ ಅವನ ಮೇಲಿಂದ ಕದಲಲಿಲ್ಲ. ಊರಲ್ಲಿ 'ರಸೂಲ್ ಭಾಯ್' ಅನ್ನುತ್ತಿದ್ದವಳು ಆ 'ಭಾಯ್' ಅನ್ನು ದಾರಿಯಲ್ಲಿ ಎಲ್ಲೋ ಇಳಿಸಿ ಬಂದಿದ್ದಳು. ಅದನ್ನು ಹುಡುಕಿ ತಂದುಕೊಡುವ ಮನಸ್ಸು ಅವನಿಗೂ ಇರಲಿಲ್ಲ.

ಆಮೇಲೆ ಕಮಲಾಕರ ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದ. "ಎಂತದಾ ಮಾರಾಯ, ಎಕ್ಕಂಬಿ ವಿಷಯ ಆ ಹುಡುಗಿಗೆ ಹೇಳಿದ್ಯಾ ಇಲ್ವಾ?"

"ಊರಿಗೆ ಹೋಗಿ ಹೇಳ್ತೆ."

"ಇಲ್ಲಿ ಎಂತ, ನಾಲಿಗೆ ಬಿದ್ದು ಹೋಯ್ತಾ?"

ರಸೂಲ್ ಅವನ ಕೈ ಕೊಡವಿದ. ಕೋಪ ಮಾಡಿಕೊಳ್ಳಲು ಒಬ್ಬ ಸಿಕ್ಕಿದನಲ್ಲ ಅಂತ ಸಮಾಧಾನವಾಯಿತು. ಆ ಸಮಾಧಾನಕ್ಕೇ ನಾಚಿಕೆಯೂ ಆಯಿತು.

ಮರುದಿನ ವಾಪಸು ಹೊರಟರು. ಗಡಿಯ ಜಕಾತಿ ನಾಕೆಯಲ್ಲಿ ಗಂಟು ಬಿಚ್ಚಿಸುತ್ತಾರೆ. ಹೊಸ ರೇಷ್ಮೆ ಗಂಟಿನಲ್ಲಿದ್ದರೆ ಸುಂಕ, ಮೈಮೇಲಿದ್ದರೆ ಕೇಳುವವರಿಲ್ಲ. ಆ ದಾರಿಯಲ್ಲಿ ಓಡಾಡುವವರೆಲ್ಲ ಬಲ್ಲ ಉಪಾಯ. ಚಾಂದ್ ಬಿ ಆಗಲೇ ತನ್ನ ಹೊಸ ಹಸಿರು ಓಢಣಿ ಹೊದ್ದು ಕೂತಿದ್ದಳು. ಶಮ್ಸುವಿನ ಎರಡೂ ಕೈಯಲ್ಲಿ ಪಿಂಗಾಣಿ ಪಾತ್ರೆಗಳ ಬುಟ್ಟಿ.

"ರಸೂಲ್, ನಿಂದನ್ನ ಶಮ್ಸು ತಲೆಗೆ ಹಾಕೋ! ನಾಕೆ ಬಂತು!" ಎಂದು ಗನಿ ಸ್ಟೇರಿಂಗ್ ಹಿಡಿದೇ ಕೂಗಿದ.

ಚಾಂದ್ ಬಿಯ ಕೈಗೆ ಕೊಡಬಹುದಿತ್ತು. ಅವಳು ಪಕ್ಕದಲ್ಲೇ ಇದ್ದಳು. ರಸೂಲ್ ಕೊಡಲಿಲ್ಲ. ಮುಂದಿನ ಸೀಟಿನಿಂದ ತಿರುಗಿ ತಾನೇ ಹೊದಿಸಿದ. ಹಣೆಯ ಮೇಲೆ ಅಂಚು ಸರಿಮಾಡುವಾಗ ಬೆರಳು ಅವಳ ಕೂದಲಿಗೆ ತಾಗಿತು. ಬೈಯಲು ತೆರೆದ ಬಾಯಿ ಹಾಗೇ ಉಳಿದು, ರೆಪ್ಪೆ ಕೆಳಗಿಳಿಯಿತು.

"ಯಾ ಅಲ್ಲಾ! ಮಂಗ್ನಿ ಆಗೇ ಹೋಯ್ತಲ್ಲ!" ಚಾಂದ್ ಬಿ ಪಣಜಿಯ ಮಿಠಾಯಿ ಮುರಿದು ನಾದಿನಿಯ ಬಾಯಿಗಿಟ್ಟಳು.

"ನಂದೇನೂ ತಕರಾರಿಲ್ಲಪ್ಪ," ಎಂದು ಗನಿ ನಕ್ಕ.

ಕಮಲಾಕರ ನಗಲಿಲ್ಲ. ರಸೂಲನ ಮುಖವನ್ನೇ ನೋಡುತ್ತಿದ್ದ. ಹೇಳಬೇಕಾಗಿದ್ದದ್ದು ಆಗಲೇ. ರಸೂಲ್ ಮುಂದಕ್ಕೆ ತಿರುಗಿ ಕೂತ.

ನಾಕೆಯವನು ಗಂಟುಗಳನ್ನು ತಿವಿದು ನೋಡಿ ಬಿಟ್ಟುಬಿಟ್ಟ. ನಾಕೆ ಹಿಂದೆ ಬಿತ್ತು, ಹೊಳೆ ಹಿಂದೆ ಬಿತ್ತು, ಘಟ್ಟ ಏರಿದರು. ಅವಳು ಓಢಣಿ ತೆಗೆಯಲಿಲ್ಲ. ಮೋಟಾರಿನ ಕನ್ನಡಿಯಲ್ಲಿ ಅಷ್ಟು ಕೆಂಪು. ಒಂದು ಕುಚೋದ್ಯವಿಲ್ಲ, ಒಂದು ಬೈಗುಳವಿಲ್ಲ.

ಹೋದ ವರ್ಷ ಜ್ವರ ಬಂದು ಎಕ್ಕಂಬಿಯಲ್ಲಿ ಮಲಗಿದ್ದಾಗ ಅಮೀರುನ್ನಿಸಾ ಬಾಗಿಲ ಹಿಂದಿನಿಂದ ಗಂಜಿ ಸರಿಸಿ, "ಉಪ್ಪು ಸರಿ ಇದ್ಯಾ?" ಎಂದಷ್ಟೇ ಕೇಳಿದ್ದಳು. ಅವಳು ಯಾರಿಗೆ ಏನು ಮಾಡಿದ್ದಳು? ಥೂ, ನನ್ನ ಕೈ ಕಡಿಯಬೇಕು ಅನ್ನಿಸಿತು. ಅದೇ ಕೈಬೆರಳಲ್ಲಿ ಇನ್ನೂ ಶಮ್ಸುವಿನ ಕೂದಲ ಎಣ್ಣೆಯ ಪರಿಮಳವಿತ್ತು.

ಯಲ್ಲಾಪುರ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಕಮಲಾಕರ ಮಂಚಿಕೇರಿಯ ಬಸ್ಸಿಗೆಂದು ಪೇಟೆಯಲ್ಲೇ ಇಳಿದುಹೋಗಿದ್ದ. ಗನಿ, ಚಾಂದ್ ಬಿ ಗಂಟು ಹೊತ್ತು ಒಳಗೆ ಹೋದರು. ಶಮ್ಸು ಹೊಸ್ತಿಲಲ್ಲಿ ನಿಂತು, ಓಢಣಿ ತೆಗೆದು, ಜರಿ ಮುರಿಯದ ಹಾಗೆ ಮಡಚಿದಳು.

"ಕಮಲಾಕರಣ್ಣ ದಾರಿಯುದ್ದ ನನ್ನ ಮುಖ ನೋಡಲಿಲ್ಲ. ಯಾಕೆ?"

ರಸೂಲ್ ಚಪ್ಪಲಿಯ ಧೂಳನ್ನು ಮೆಟ್ಟಿಲಿಗೆ ತಿಕ್ಕಿದ.

"ಇದು ಯಾರ ತಲೆಗೆ ತಂದದ್ದು, ರಸೂಲ್?" ಎರಡೂ ಕೈಯಲ್ಲಿ ಓಢಣಿ ಚಾಚಿದಳು. "ನಂದಲ್ಲದಿದ್ರೆ ತಗೊಂಡ್ಹೋಗು. ನಂದಾದ್ರೆ ಹಾಗಂತ ಬಾಯಿ ಬಿಟ್ಟು ಹೇಳು."

ಎರಡು ಹೆಸರು ಒಟ್ಟಿಗೆ ಅವನ ಗಂಟಲಿಗೆ ಬಂದವು. ಯಾವುದನ್ನು ಅಂದರೂ ಇನ್ನೊಬ್ಬಳ ತಲೆ ಬರಿದಾಗುತ್ತಿತ್ತು.

"ಗಮಾರ ಅಂದಾಗ್ಲೂ ಸುಮ್ಮನಿದ್ದೆ," ಎಂದಳು. ದನಿ ಒಡೆದಿತ್ತು. "ತಿರುಗಿ ಬೈಯಾದ್ರೂ ಬೈಯೋ."

ಅವನು ತಲೆ ಎತ್ತಿ ಒಮ್ಮೆ ನೋಡಿದ. ಓಢಣಿ ತೆಗೆದುಕೊಳ್ಳಲಿಲ್ಲ. ತಿರುಗಿ ಮೆಟ್ಟಿಲಿಳಿದು, ಬರಿಗೈಯಲ್ಲಿ ನಡೆದುಬಿಟ್ಟ. ಬೀದಿಯ ತಿರುವಿನವರೆಗೂ ಹಿಂದೆ ಬಾಗಿಲು ಹಾಕಿದ ಸದ್ದು ಕೇಳಿಸಲಿಲ್ಲ.