ಮೆಟ್ಟಿಲ ಮೇಲೆ ಕೇಳಿದ ಮಾತು

ಮಾರುಕಟ್ಟೆಯಿಂದ ಹಿಂದಿರುಗಿದ ಮನೆಯೊಡತಿ ಅಂಗಡಿಯ ಬಾಗಿಲು ತಳ್ಳಿದಾಗ ಮೊದಲು ಕಂಡದ್ದು ಗಂಡನ ಚಪ್ಪಲಿ. ಒಂದೇ ಒಂದು. ಇನ್ನೊಂದು ಅವರ ಕಾಲಿನಲ್ಲೇ ಇತ್ತು. ಯಜಮಾನರು ಕೆಲಸದ ಮೇಜಿನ ಪಕ್ಕ ಬೋರಲಾಗಿ ಬಿದ್ದಿದ್ದರು. ತಲೆಯ ಹಿಂಭಾಗದಲ್ಲಿ ರಕ್ತ. ಪಕ್ಕದಲ್ಲಿ ಮರ ಬಿಗಿಯುವ ಕಬ್ಬಿಣದ ಕ್ಲಾಂಪು.

ಗೋಡೆಗೆ ತೂಗುಹಾಕಿದ್ದ ಪಿಟೀಲುಗಳು ಸಾಲಾಗಿ ಹಾಗೇ ಇದ್ದವು. ರಿಪೇರಿಗೆಂದು ಮೇಜಿನ ಮೇಲಿಟ್ಟಿದ್ದ ಹಳೆಯ ಪಿಟೀಲು ಮಾತ್ರ ಇರಲಿಲ್ಲ. ಪೆಟ್ಟಿಗೆ ಸಮೇತ ಮಾಯವಾಗಿತ್ತು.

"ಅಯ್ಯೋ ದೇವರೇ!"

ಕೂಗು ಕೇಳಿ ಮೇಲಿನ ಕೋಣೆಯಿಂದ ಅತಿಥಿ ಹುಡುಗಿ ಓಡಿ ಬಂದಳು. ಹಿತ್ತಲಿನಿಂದ ಮನೆಯೊಡತಿಯ ತಮ್ಮ ಓಡಿ ಬಂದ. ಆಂಬುಲೆನ್ಸಿನಲ್ಲಿ ಹೆಂಗಸರಿಬ್ಬರೂ ಯಜಮಾನರ ಜೊತೆ ಹೋದರು. ಅಂಗಡಿಗೆ ಬೀಗ ಹಾಕಲು ತಮ್ಮ ಉಳಿದ.

* * *

ಇನ್ಸ್‌ಪೆಕ್ಟರು ಮಿತಭಾಷಿ. ಅವರ ದಫೇದಾರ ತದ್ವಿರುದ್ಧ. ಅವನ ಮೀಸೆ ಅವನಿಗಿಂತ ಮೊದಲು ಬಾಗಿಲು ದಾಟುತ್ತಿತ್ತು. ಠಾಣೆಯಲ್ಲಿ ಎಲ್ಲರೂ ಅವನನ್ನು ಮೀಸೆ ಎಂದೇ ಕರೆಯುತ್ತಿದ್ದರು.

ಮೊದಲ ವಿಚಾರಣೆ ಆಸ್ಪತ್ರೆಯ ವರಾಂಡದಲ್ಲೇ ನಡೆಯಿತು. ಯಜಮಾನರಿಗೆ ಇನ್ನೂ ಎಚ್ಚರವಾಗಿರಲಿಲ್ಲ; ಬೀಗ ಹಾಕಿ ತಮ್ಮನೂ ಅಲ್ಲಿಗೆ ಬಂದಿದ್ದ.

ತಮ್ಮನನ್ನು ಅಂಗಡಿಗೆ ಬರುವವರೆಲ್ಲ ಮಾಮ ಎನ್ನುತ್ತಿದ್ದರು. ಭಾವನ ಕೈಕೆಳಗೆ ಕೆಲಸ ಕಲಿತು ಅಲ್ಲೇ ತಲೆ ನೆರೆತವನು. "ಮಧ್ಯಾಹ್ನವೆಲ್ಲ ಹಿತ್ತಲ ಶೆಡ್ಡಲ್ಲಿದ್ದೆ ಸಾರ್. ಮರ ಹೊರಳಿಸಿ ಒಣಗಿಸ್ತಿದ್ದೆ. ನಂಗೇನೂ ಕೇಳಿಸಲಿಲ್ಲ" ಎಂದ.

ಆಮೇಲೆ ಹುಡುಗಿಯ ಸರದಿ. ದೂರದ ದೇಶದ ಕಾಲೇಜಿನವಳು. ಪುಸ್ತಕದಲ್ಲಿ ಕಲಿತ ಇಲ್ಲಿಯ ಭಾಷೆಯನ್ನು ಆಡಿ ಕಲಿಯಲು ಒಂದು ತಿಂಗಳ ಮಟ್ಟಿಗೆ ಈ ಮನೆಯಲ್ಲಿ ಇರಲು ಬಂದವಳು. ಬಂದು ವಾರವಷ್ಟೇ ಆಗಿತ್ತು. ತಟ್ಟೆಯಲ್ಲಿ ಹೆಕ್ಕಿ ಹೆಕ್ಕಿ ತಿನ್ನುತ್ತಾಳೆಂದು ಮನೆಯವರು ಗುಬ್ಬಿ ಎಂದು ಹೆಸರಿಟ್ಟಿದ್ದರು. ಮನೆಯೊಡತಿಯನ್ನು ಅವಳು ಅಮ್ಮ ಎನ್ನುತ್ತಿದ್ದಳು. ತೀರಿಕೊಂಡ ಮಗಳ ಕೋಣೆಯನ್ನೇ ಅಮ್ಮ ಅವಳಿಗೆ ಬಿಟ್ಟುಕೊಟ್ಟಿದ್ದರು.

"ನಾನು ಚಹಾ ಮಾಡಿದೆನು. ಮೆಟ್ಟಿಲ ಮೇಲೆ ನಿಂತು ಮಾಮನನ್ನು ಕರೆದೆನು. ಅವರು ಬಂದರು. ನಾನು ನನ್ನ ಲೋಟವನ್ನು ತೆಗೆದುಕೊಂಡು ಮೇಲೆ ಹೋದೆನು. ಆಗ ಕೆಳಗೆ ಏನೋ ಬಿದ್ದ ಸದ್ದಾಯಿತು. ಮರ ಎಂದುಕೊಂಡೆನು."

"ಪಾಠಪುಸ್ತಕಾನೇ ನುಂಗಿಬಿಟ್ಟಿದೆ ಸಾರ್ ಈ ಹುಡುಗಿ" ಎಂದು ಮೀಸೆ ಪಿಸುಗುಟ್ಟಿದ.

ಪಕ್ಕದಲ್ಲಿದ್ದ ಮಾಮ ಹಣೆ ಚಚ್ಚಿಕೊಂಡ. "ಹೌದು ಸಾರ್! ಗಾಬರಿಯಲ್ಲಿ ಮರೆತೇ ಹೋಗಿತ್ತು. ಗುಬ್ಬಿ ಟೀಗೆ ಕರೆದಳು. ಹಿಂದಿನ ಮೆಟ್ಟಿಲು ಹತ್ತಿ ಅಡುಗೆಮನೆಗೆ ಹೋದೆ. ಟೀ ಕುಡೀವಾಗ ಆ ಸದ್ದು ನಂಗೂ ಕೇಳಿಸ್ತು."

* * *

ಸಂಜೆ ಮನೆ ಶೋಧಿಸಿದಾಗ ಪಿಟೀಲಿನ ಪೆಟ್ಟಿಗೆ ಸಿಕ್ಕಿತು. ಖಾಲಿ ಪೆಟ್ಟಿಗೆ. ಗುಬ್ಬಿಯ ಮಂಚದ ಕೆಳಗೆ.

ಅಮ್ಮ ಅದನ್ನು ನೋಡಿದರು. ಆ ಮಂಚವನ್ನು ನೋಡಿದರು. ಕೆಳಗಿಳಿದು ಹೋದರು. ಅಲ್ಲಿಂದ ಮುಂದೆ ಅವರು ಹುಡುಗಿಯ ಮುಖ ನೋಡಲಿಲ್ಲ.

ಇನ್ಸ್‌ಪೆಕ್ಟರಿಗೆ ಇನ್ನೊಬ್ಬನ ಮೇಲೂ ಗುಮಾನಿಯಿತ್ತು. ಪಿಟೀಲಿನ ಒಡೆಯ, ಒಬ್ಬ ವಾದಕ. ರಿಪೇರಿ ತಡವಾಯಿತೆಂದು ಹಿಂದಿನ ದಿನ ಅಂಗಡಿಯಲ್ಲಿ ಕೂಗಾಡಿ ಹೋಗಿದ್ದ. ಮರುದಿನ ಬೆಳಿಗ್ಗೆ ಅವನನ್ನು ಹಿಡಿದು ಕೇಳಿದರು.

"ನನ್ನ ಪಿಟೀಲು ನಾನೇ ಕದೀತೀನಾ ಸ್ವಾಮಿ? ಆ ಹೊತ್ತಲ್ಲಿ ನಾನು ವೇದಿಕೆ ಮೇಲೆ ಅಭ್ಯಾಸ ಮಾಡ್ತಿದ್ದೆ. ಇಡೀ ತಂಡ ಜೊತೇಲಿತ್ತು. ಯಾರನ್ನ ಬೇಕಾದ್ರೂ ಕೇಳಿ."

ಕೇಳಿದರು. ನಿಜವಾಗಿತ್ತು.

ಮೇಲಧಿಕಾರಿಯ ಫೋನು ಬಂತು. "ಇನ್ನೇನ್ರೀ ಬೇಕು? ಮನೇಲಿದ್ದೋರು ಮೂವರು. ಒಬ್ಬರು ಏಟು ತಿಂದಿದ್ದಾರೆ. ಇನ್ನೊಬ್ಬ ಅಡುಗೆಮನೇಲಿದ್ದ ಅಂತ ಆ ಹುಡುಗೀನೇ ಹೇಳ್ತಾಳೆ. ಉಳಿದೋಳು ಅವಳೇ ತಾನೆ? ಕರ್ಕೊಂಡು ಬನ್ನಿ."

ಲೆಕ್ಕ ಸರಿಯಾಗೇ ಇತ್ತು. ಆದರೂ ಇನ್ಸ್‌ಪೆಕ್ಟರ ಮನಸ್ಸು ಒಪ್ಪಲಿಲ್ಲ. ಕಳ್ಳತನ ಮಾಡಿದವಳು ತನ್ನನ್ನು ಕಾಪಾಡುವ ಸುಳ್ಳು ಹೇಳಬೇಕು. ಈಕೆ ಬೇರೊಬ್ಬನನ್ನು ಕಾಪಾಡಿ ತನ್ನ ಕುತ್ತಿಗೆಗೆ ತಾನೇ ಹಗ್ಗ ಬಿಗಿದುಕೊಂಡಿದ್ದಳು.

* * *

ಅಂಗಡಿಯಲ್ಲಿ ಗುಬ್ಬಿ ಬೆಂಚಿನ ತುದಿಯಲ್ಲಿ ಕುಳಿತಿದ್ದಳು. ಪಕ್ಕದಲ್ಲಿ ಅವಳ ಸೂಟ್‌ಕೇಸು. ಎದುರಿಗೆ ಮಾಮ. ಮೂಲೆಯ ಸ್ಟೂಲಿನಲ್ಲಿ ಅಮ್ಮ. ಅವರ ತುಟಿ ಅಲುಗುತ್ತಿತ್ತು, ಪ್ರಾರ್ಥನೆಯಿರಬೇಕು.

"ನಾನು ಜೈಲಿಗೆ ಹೋಗುವೆನೇ?" ಎಂದು ಗುಬ್ಬಿ ಕೇಳಿದಳು. "ನನ್ನ ತಂದೆಗೆ ಯಾರು ತಿಳಿಸುವರು?"

ಹುಡುಗಿಯ ತುಟಿ ಒಣಗಿದ್ದನ್ನು ನೋಡಿ ಇನ್ಸ್‌ಪೆಕ್ಟರು ಹೊರಗೆ ಕೂಗಿದರು.

"ದಫೇದಾರ್ರೇ! ನೀರಿನ ಬಾಟ್ಲಿ ತನ್ರಿ!"

"ಬಂದೆ ಸಾರ್!" ಜೀಪಿನ ಕಡೆಯಿಂದ ಮೀಸೆಯ ಧ್ವನಿ.

ಗುಬ್ಬಿ ಬೆಂಚಿನಲ್ಲಿ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಬಾಗಿಲ ಕಡೆ ತಿರುಗಿದಳು. ಅಲ್ಲಿ ಯಾರೂ ಇರಲಿಲ್ಲ. ಅವಳ ಹುಬ್ಬು ಗಂಟಿಕ್ಕಿತು.

"ಯಾಕಮ್ಮ ಸರಿದೆ?"

"ಅವರು ಬಂದರು."

"ಎಲ್ಲಿ ಬಂದ?"

"ತಿಳಿಯದು. ಆದರೆ ಬಂದೆ ಎಂದರಲ್ಲ?"

ಇನ್ಸ್‌ಪೆಕ್ಟರು ನಿಂತಲ್ಲೇ ನಿಂತರು. ಮೀಸೆ ಇನ್ನೂ ಜೀಪಿನ ಬಾಗಿಲು ತೆಗೆಯುತ್ತಿದ್ದ ಸದ್ದು ಕೇಳಿಸುತ್ತಿತ್ತು.

"ಗುಬ್ಬಿ," ಇನ್ಸ್‌ಪೆಕ್ಟರು ಬಗ್ಗಿ ಮೆಲ್ಲಗೆ ಕೇಳಿದರು, "ನಿನ್ನೆ ಮಾಮ ಟೀಗೆ ಬಂದದ್ದನ್ನ ಕಣ್ಣಾರೆ ನೋಡಿದೆಯಾ?"

"ಇಲ್ಲ. ನಾನು ಮೆಟ್ಟಿಲು ಹತ್ತುತ್ತಿದ್ದೆನು. ಅವರೇ ಹೇಳಿದರು."

"ಏನಂತ?"

"ಬಂದೆ ಎಂದು. ಬರುವೆನು, ಭವಿಷ್ಯತ್ತು. ಬರುತ್ತೇನೆ, ವರ್ತಮಾನ. ಬಂದೆ, ಭೂತಕಾಲ. ಹಾಗಾದರೆ ಅವರು ಬಂದಾಗಿತ್ತು."

ಮೂಲೆಯಲ್ಲಿ ಅಮ್ಮನ ಪ್ರಾರ್ಥನೆ ನಿಂತಿತು.

"ಆ ಧ್ವನಿ ಎಲ್ಲಿಂದ ಬಂತು? ಹಿತ್ತಲಿಂದಲೋ?"

"ಅಲ್ಲ. ಇಲ್ಲಿಂದ. ಅಂಗಡಿಯಿಂದ."

"ಯಾಕೆ ಇದನ್ನ ಮೊದಲೇ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ."

ಮೀಸೆ ನೀರಿನ ಬಾಟ್ಲಿ ಹಿಡಿದು ಒಳಗೆ ಬಂದ. ಎಲ್ಲರ ಮುಖ ನೋಡಿ ಬಾಗಿಲಲ್ಲೇ ನಿಂತುಬಿಟ್ಟ. ಗುಬ್ಬಿ ಅವನನ್ನೂ ಬಾಟ್ಲಿಯನ್ನೂ ಬೆರಗಾಗಿ ನೋಡಿದಳು.

ಮಾಮ ನಕ್ಕ. "ಏನ್ಸಾರ್ ಇದು, ಭಾಷೆ ಬಾರದ ಹುಡುಗಿ ಮಾತು ಕಟ್ಕೊಂಡು... ನಾನು ಟೀ ಕುಡಿದಿದ್ದೀನಿ ಸಾರ್. ಬಿಸಿಬಿಸೀದು."

"ಲೋಟ ಯಾರು ತೊಳೆದ್ರು?"

"ಅಕ್ಕ ತೊಳೆದಿರ್ತಾಳೆ. ಆಸ್ಪತ್ರೆಯಿಂದ ಬಂದ್ಮೇಲೆ."

ಇನ್ಸ್‌ಪೆಕ್ಟರು ಮೂಲೆಯತ್ತ ತಿರುಗಿದರು. "ಅಮ್ಮಾ, ನೀವು ತೊಳೆಯೋವಾಗ ಲೋಟ ಖಾಲಿ ಇತ್ತಾ?"

ಅಮ್ಮ ಸೆರಗನ್ನು ಬೆರಳಿಗೆ ಸುತ್ತಿಕೊಂಡರು. ಬಿಚ್ಚಿದರು. ಮತ್ತೆ ಸುತ್ತಿಕೊಂಡರು.

"ಅಕ್ಕಾ." ಮಾಮನ ಧ್ವನಿಯಲ್ಲಿ ಬೇಡಿಕೆಯಿತ್ತು. "ಹೇಳಕ್ಕಾ, ಖಾಲಿ ಇತ್ತು ಅಂತ."

ಹುಟ್ಟುತ್ತಲೇ ತಾಯಿಯನ್ನು ಕಳೆದುಕೊಂಡ ತಮ್ಮ. ಅಕ್ಕನ ಸೊಂಟದ ಮೇಲೇ ಬೆಳೆದವನು. ಅಮ್ಮ ಅವನನ್ನೇ ದಿಟ್ಟಿಸಿದರು. ಆಮೇಲೆ, ಪೆಟ್ಟಿಗೆ ಸಿಕ್ಕ ಮೇಲೆ ಮೊದಲ ಸಲ, ಗುಬ್ಬಿಯನ್ನು ನೋಡಿದರು.

"ತುಂಬಿತ್ತು" ಎಂದರು. "ಕಂಠಮಟ್ಟ ಹಾಗೇ ಇತ್ತು. ಕೆನೆ ಕಟ್ಟಿತ್ತು. ಚೆಲ್ಲಿ ತೊಳೆದೆ. ತೊಳೆಯೋವಾಗಲೇ ಎದೆ ಧಸಕ್ಕೆಂದಿತ್ತು. ಬಾಯಿ ಬಿಡಲಿಲ್ಲ."

"ಅಕ್ಕಾ, ನೀನಾದ್ರೂ..."

"ಎತ್ತಿ ಆಡಿಸಿದ್ದೀನಿ ಕಣೋ ನಿನ್ನ. ಹಸಿದಾಗ ನನ್ನ ತುತ್ತು ಕೊಟ್ಟಿದ್ದೀನಿ. ಆದ್ರೆ ಯಾರದೋ ಮನೆ ಮಗಳನ್ನ ನಿಂಗೋಸ್ಕರ ಕೊಡೋಕೆ ದೇವರು ನಂಗೆ ಹಕ್ಕು ಕೊಟ್ಟಿಲ್ಲ."

* * *

ಮಾಮ ಕೆಲಸದ ಮೇಜಿಗೆ ಒರಗಿ ಕುಸಿದ. ಇನ್ಸ್‌ಪೆಕ್ಟರು ಒಂದೊಂದಾಗಿ ಬಿಡಿಸಿ ಹೇಳಿದರು.

"ಆಸ್ಪತ್ರೆಯಲ್ಲಿ ನೀವು ಮೊದಲು ಹೇಳಿದ್ದು ಶೆಡ್ಡು. ಟೀ ಮಾತೇ ಇರಲಿಲ್ಲ. ನೀವು ಬಂದ್ರಿ ಅಂತ ಹುಡುಗಿ ಹೇಳಿದ ಕೂಡಲೇ ಅದನ್ನ ಹಿಡ್ಕೊಂಡ್ರಿ. ಅವಳ ತಪ್ಪು ನಿಮಗೆ ವರವಾಯ್ತು. ಅವಳು ಕರೆದಾಗ ನೀವು ಇಲ್ಲೇ, ಭಾವನ ಎದುರಿಗೇ ಇದ್ರಿ. ಅವಳು ಕೆಳಗಿಳಿದು ಬರಬಾರದು ಅಂತ ಬಂದೆ ಅಂದ್ರಿ. ನಾವೆಲ್ಲ ಹಾಗೇ ಅನ್ನೋದು, ಕೂತಲ್ಲಿಂದ ಏಳದೇನೇ. ಅದಾದ ಮೇಲೇ ಆ ಸದ್ದು ಆಗಿದ್ದು. ಇವರೆಲ್ಲ ಆಸ್ಪತ್ರೆಗೆ ಹೋದಾಗ ಮನೇಲಿ ಒಬ್ಬರೇ ಉಳಿದೋರು ನೀವು. ಪೆಟ್ಟಿಗೆ ಮಂಚದ ಕೆಳಗೆ ಹೋಗಿದ್ದು ಆವಾಗ. ಪಿಟೀಲು ಎಲ್ಲಿದೆ?"

"ಶೆಡ್ಡಲ್ಲಿ. ಒಣಗೋಕಿಟ್ಟ ಹಲಗೆ ಕೆಳಗೆ." ಮಾಮ ಮುಖ ಮುಚ್ಚಿಕೊಂಡ. "ಅದರದ್ದೇ ತದ್ರೂಪು ಮಾಡಿದ್ದೆ ಸಾರ್. ಗೀರು ಸಮೇತ. ಅದೂ ಅಲ್ಲೇ ಇದೆ. ಅದನ್ನ ಇಲ್ಲಿಟ್ಟು ಹಳೇದನ್ನ ಮಾರೋಣ ಅಂತ. ಭಾವ ಹಿಡಿದುಬಿಟ್ರು. ಬೈದಿದ್ರೆ ಸಹಿಸ್ತಿದ್ದೆ. ನನ್ನ ಪಿಟೀಲನ್ನ ಕೈಗೆ ತಗೊಂಡು ನೋಡಿ, ಇಷ್ಟು ವರ್ಷ ಆದ್ರೂ ನಿನ್ನ ಕೈಗೆ ಕೆಲಸ ಹತ್ತಲೇ ಇಲ್ಲ ಅಂತ ನಕ್ಕರು. ಆಗ..."

ಮುಂದಿನದು ಹೇಳಬೇಕಾಗಿರಲಿಲ್ಲ.

ಮೀಸೆ ಅವನ ತೋಳು ಹಿಡಿದು ಎಬ್ಬಿಸಿದ. ಜೀಪು ಬೀದಿಯ ತಿರುವು ದಾಟುವವರೆಗೂ ಅಮ್ಮ ಬಾಗಿಲಲ್ಲಿ ನಿಂತಿದ್ದರು.

ಒಳಗೆ ಬಂದಾಗ ಗುಬ್ಬಿ ಇನ್ನೂ ಬೆಂಚಿನ ತುದಿಯಲ್ಲೇ ಇದ್ದಳು. ಅಮ್ಮ ಅವಳ ಹತ್ತಿರ ಹೋಗಲಿಲ್ಲ. ಹೋಗುವ ಧೈರ್ಯ ಬರಲಿಲ್ಲ.

"ಯಜಮಾನರಿಗೆ ಇವತ್ತು ಎಚ್ಚರ ಆಗಬಹುದು ಅಂತ ಡಾಕ್ಟರು ಹೇಳಿದ್ದಾರೆ" ಎಂದರು. "ಕಣ್ಣು ಬಿಟ್ಟ ಕೂಡಲೇ ನನ್ನ ತಮ್ಮನ್ನ ಕೇಳ್ತಾರೆ. ನಾನೇ ಹೇಳಬೇಕು." ಗುಬ್ಬಿಯ ಸೂಟ್‌ಕೇಸಿನತ್ತ ನೋಡಿ, "ನಿನ್ನೆ ನಿನ್ನ ಮುಖ ನೋಡಲಿಲ್ಲ ಮಗಳೇ. ನೋಡಿದ್ರೆ ನಿಜ ಹೇಳಿಬಿಡ್ತೀನಿ ಅಂತ ಹೆದರಿಕೆ. ನೀನು ಊರಿಗೆ ಹೋಗ್ತೀನಿ ಅಂದ್ರೂ ನಾನು ತಡೆಯಲ್ಲ."

ಎಷ್ಟು ಅರ್ಥವಾಯಿತೋ. ಗುಬ್ಬಿ ಎದ್ದಳು. ಸೂಟ್‌ಕೇಸನ್ನು ಬೆಂಚಿನ ಕೆಳಗೆ ತಳ್ಳಿದಳು. ಯಜಮಾನರ ಒಂಟಿ ಚಪ್ಪಲಿಯನ್ನು ನೆಲದಿಂದ ಎತ್ತಿ, ಧೂಳು ಒರೆಸಿ, ಅಮ್ಮನ ಚೀಲದಲ್ಲಿ ಹಾಕಿದಳು. ಚೀಲವನ್ನು ತನ್ನ ಹೆಗಲಿಗೇರಿಸಿಕೊಂಡು ಅಮ್ಮನ ಕೈ ಹಿಡಿದಳು.

ಆ ಕೈ ಹಿಡಿದ ಮೇಲೇ ಅಮ್ಮ ಅತ್ತದ್ದು.