ಬಿಡಿಸಲಾಗದ ಪುಸ್ತಕ

ಬಲು ಹಿಂದೆ, ರಾಜರು ಈಗಿನವರಷ್ಟೇ ಉಪಯೋಗಕ್ಕೆ ಬರುತ್ತಿದ್ದ ಕಾಲದಲ್ಲಿ, ಅಂಕಸಾಗರ ಎಂಬ ರಾಜ್ಯವಿತ್ತು. ಅಲ್ಲಿ ದೇವೀರಿ ಎಂಬ ಕಾಗದ ಮಾಡುವ ಹೆಂಗಸಿದ್ದಳು. ಅವಳ ಗಂಡ ಮುದ್ದಪ್ಪ ಕೋಟೆಯ ಗೋಡೆಯ ಮೇಲಿದ್ದ.

ಗೋಡೆಯ ಮೇಲೆ ಎಂದರೆ ಕಾವಲಿಗಲ್ಲ. ಹಾಳೆಯಾಗಿ ಅಂಟಿಕೊಂಡಿದ್ದ.

ಅದು ಧೂಮಕೇಶಿ ಎಂಬ ಮಾಂತ್ರಿಕನ ಕೆಲಸ. ಅವನು ಮೊದಲು ಅರಮನೆಯ ಪರೀಕ್ಷಕನಾಗಿದ್ದ. ಮಡಕೆ, ಸೀರೆ, ಕತ್ತಿ, ಏನು ತಂದಿಟ್ಟರೂ ಒಮ್ಮೆ ನೋಡಿ ಇದು ಇಂಥವರ ಕೈ ಎಂದು ಹೇಳಿಬಿಡುತ್ತಿದ್ದ. ಎಂದೂ ತಪ್ಪುತ್ತಿರಲಿಲ್ಲ. ಹೇಳಿ ಹೇಳಿ ಅವನ ಅಂಗೈಗೆ ಮಾಯೆ ಹತ್ತಿತು. ಯಾರ ಕೆಲಸವನ್ನು ಗುರುತಿಸಿದನೋ ಅವರ ನೆತ್ತಿಯ ಮೇಲೆ ಕೈಯಿಟ್ಟು ಒತ್ತಿದರೆ ಅವರು ಕಾಗದದಷ್ಟು ತೆಳ್ಳಗಾಗುತ್ತಿದ್ದರು. ರಾಜ ಮೊದಮೊದಲು ಚಪ್ಪಾಳೆ ತಟ್ಟಿದ. ಮಂತ್ರಿಯೂ ತೆಳ್ಳಗಾದ ಮೇಲೆ ಅಡುಗೆಮನೆಯ ಹಿಂದಿನ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡ. ಅರ್ಧ ಊರು ಗೋಡೆಯ ಮೇಲೆ ಪಟಪಟ ಎನ್ನುತ್ತಿತ್ತು.

ಮಳೆಗಾಲ ಹತ್ತಿರವಾಯಿತು. ಕಾಗದ ನೆನೆದರೆ ಏನಾಗುತ್ತದೆಂದು ದೇವೀರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುದ್ದಪ್ಪನ ಎಡಗಿವಿ ಆಗಲೇ ತುದಿಯಲ್ಲಿ ಮಡಚಿಕೊಂಡಿತ್ತು.

ಅವಳಿಗೆ ಅಳುವಷ್ಟು ಶಕ್ತಿ ಇರಲಿಲ್ಲ. ಹಾಳೆ ಎತ್ತುವ ಅವರ ಜರಡಿ ಬಾಗಿಲಿನಷ್ಟು ದೊಡ್ಡದು. ತೊಟ್ಟಿಯಲ್ಲಿ ಕದಡಿದ ನಾರಿನ ತಿರುಳಿನಲ್ಲಿ ಅದನ್ನು ಮುಳುಗಿಸಿ ಎತ್ತುವುದು ಅವಳ ಕೆಲಸ. ಎದುರು ನಿಂತು ಉಳಿದದ್ದನ್ನೆಲ್ಲ ನೋಡಿಕೊಳ್ಳುವುದು, ಜೊತೆಗೆ ನಿಲ್ಲಿಸದೆ ಮಾತಾಡುವುದು ಮುದ್ದಪ್ಪನ ಕೆಲಸ. ಈಗ ತಿರುಳು ಕುಟ್ಟುವುದನ್ನೂ ನೀರು ಹೊರುವುದನ್ನೂ ಒಬ್ಬಳೇ ಮಾಡಿ ಅವಳ ಸೊಂಟ ಬಿದ್ದುಹೋಗಿತ್ತು, ಒಂದು ಹಾಳೆಯನ್ನೂ ಎತ್ತಲಾಗಿರಲಿಲ್ಲ.

ಕೊನೆಗೆ ಅವಳೇ ಧೂಮಕೇಶಿಯ ಬಳಿಗೆ ಹೋಗಿ ಗಂಡನನ್ನು ಬಿಡು ಎಂದು ಕೇಳಿದಳು. ಅವನು ಆಕಳಿಸಿದ. ನೋಡಿದ್ದನ್ನೆಲ್ಲ ಗುರುತಿಸಿ ಅವನಿಗೂ ಬೇಜಾರಾಗಿತ್ತು.

"ನನ್ನಿಂದ ಗುರುತಿಸಲಾಗದ ಒಂದು ಪುಸ್ತಕ ಮಾಡಿಕೊಂಡು ಬಾ," ಎಂದ. "ಅದಕ್ಕೆ ಯಾರ್‍ಯಾರ ಕೈ ತಗಲಿದೆಯೋ ಅವರೆಲ್ಲರ ಹೆಸರು ಹೇಳುತ್ತೇನೆ. ಒಂದು ಹೆಸರು ಬಿಟ್ಟರೂ ಈ ಮಾಯೆ ನನ್ನ ಮೇಲೇ ತಿರುಗಲಿ, ಗೋಡೆಯವರೆಲ್ಲ ಇಳಿದು ಹೋಗಲಿ. ಒಂದೂ ಬಿಡದಿದ್ದರೆ ನೀನೂ ಅವರೂ ಗೋಡೆಗೆ."

ಮಾಯೆ ಕೇಳಿಸಿಕೊಂಡಿತು. ಮಾಯೆಗೆ ಕಿವಿ ಇರುತ್ತದೆ.

ಒಬ್ಬಳ ಕೈಯನ್ನು ಗುರುತಿಸುವುದು ಸುಲಭವೆಂದು ದೇವೀರಿ ಇನ್ನಿಬ್ಬರನ್ನು ಜೊತೆಗೆ ಕರೆದಳು. ಒಬ್ಬ ಬಣ್ಣದ ರಂಗೋಜ, ಅವನ ತಮ್ಮ ಗೋಡೆಯ ಮೇಲಿದ್ದ. ಇನ್ನೊಬ್ಬಳು ಪುಸ್ತಕ ಹೊಲಿಯುವ ಸೂರವ್ವ. ಗೋಡೆಯ ಮೇಲಿದ್ದದ್ದು ಅವಳ ಅತ್ತೆ. ಬಿಡಿಸಲೇಬೇಕೆಂದೇನೂ ಇಲ್ಲ, ಆದರೆ ಉಪ್ಪಿನಕಾಯಿ ಜಾಡಿ ಎಲ್ಲಿಟ್ಟಿದ್ದಾಳೆಂದು ಬೇರೆ ಯಾರಿಗೂ ಗೊತ್ತಿಲ್ಲ ಎಂದಳು.

ರಂಗೋಜನಿಗೂ ಸೂರವ್ವನಿಗೂ ಆಗಿಬರುತ್ತಿರಲಿಲ್ಲ. ಹೊಲಿಗೆಯ ತೂತು ತನ್ನ ಬಣ್ಣವನ್ನು ಕೆಡಿಸುತ್ತದೆ ಎಂದು ಅವನು. ಬಣ್ಣ ತನ್ನ ದಾರಕ್ಕೆ ಅಂಟುತ್ತದೆ ಎಂದು ಅವಳು. ಒಂದು ವಿಷಯದಲ್ಲಿ ಮಾತ್ರ ಒಪ್ಪಿದರು: ಧೂಮಕೇಶಿ ಮನುಷ್ಯರ ಕೈ ಬಲ್ಲವನು, ಆದ್ದರಿಂದ ಮನುಷ್ಯರಲ್ಲದವರನ್ನೂ ಕೆಲಸಕ್ಕೆ ಸೇರಿಸಬೇಕು. ಮೂವರೂ ಕಾಡಿಗೆ ಹೊರಟರು.

ಮೊದಲು ಸಿಕ್ಕಿದ್ದು ಆನೆಯಷ್ಟು ದೊಡ್ಡ ಕಣಜದ ಹುಳು. ಅದು ಒಣಮರವನ್ನು ಅಗಿದು ಕಾಗದದ ಗೂಡು ಕಟ್ಟುತ್ತಿತ್ತು. ಅಗಿದ ತಿರುಳು ಸ್ವಲ್ಪ ಕೊಡು ಎಂದು ದೇವೀರಿ ಬೇಡಿದಳು. ಹುಳು ಕೊಡುವುದಿಲ್ಲ ಎನ್ನಲಿಲ್ಲ, ನೀವೂ ಅಗಿಯಿರಿ ಎಂದಿತು. ಮೂವರೂ ಕೂತು ಮರ ಅಗಿದರು. ರಂಗೋಜನ ಒಂದು ಹಲ್ಲು ಅಲ್ಲೇ ಉಳಿಯಿತು. ದವಡೆ ಅಲುಗಾಡಿಸಲಾಗದೆ ಮುಂದಿನ ಕೊಳ ತಲುಪುವ ತನಕ ಯಾರೂ ಜಗಳವಾಡಲಿಲ್ಲ. ಆ ಪ್ರಯಾಣದಲ್ಲಿ ಅದೊಂದೇ ನೆಮ್ಮದಿ.

ಎರಡನೆಯದು ಹುಲಿ. ಅದು ಕೊಳಕ್ಕಿಳಿದರೆ ಮೈಮೇಲಿನ ಪಟ್ಟೆಗಳು ಕಳಚಿ ನೀರಿನ ಮೇಲೆ ತೇಲುತ್ತಿದ್ದವು. ಮೇಲೆ ಬರುವಾಗ ಮತ್ತೆ ಅಂಟಿಕೊಳ್ಳುತ್ತಿದ್ದವು. ಆ ಪಟ್ಟೆಗಳನ್ನು ಕಂಡು ರಂಗೋಜನ ಬಾಯಲ್ಲಿ ನೀರೂರಿತು. ನನ್ನ ಕತೆ ಪೂರ್ತಿ ಕೇಳಿದರೆ ಕೊಡುತ್ತೇನೆ ಎಂದಿತು ಹುಲಿ. ಹೆಂಡತಿ ಬಿಟ್ಟುಹೋದದ್ದು, ಮಕ್ಕಳು ತಿರುಗಿ ನೋಡದ್ದು, ಜಿಂಕೆಗಳಲ್ಲಿ ಮೊದಲಿನ ರುಚಿ ಇಲ್ಲದ್ದು. ಸೂರ್ಯ ನೆತ್ತಿಗೆ ಬಂದು ಇಳಿದ. ರಂಗೋಜ ಕೊನೆಯವರೆಗೂ ತಲೆಯಾಡಿಸಿದ.

"ಅರ್ಧ ತಗೋ ಮಾರಾಯ," ಎಂದಿತು ಹುಲಿ. "ಈ ವಯಸ್ಸಿನಲ್ಲಿ ನನ್ನ ಮೈ ಯಾರು ನೋಡುತ್ತಾರೆ?"

ಮರುದಿನ ಸಿಕ್ಕ ಮೂರನೆಯದು ಪಾಳುಗುಡಿಯ ಹಳೆಯ ಜೇಡ. ಅದರ ನೂಲು ಕತ್ತಿಗೂ ಹರಿಯುತ್ತಿರಲಿಲ್ಲ. ಸೂರವ್ವ ಮೊದಲು ನಯವಾಗಿ ಕೇಳಿದಳು, ಆಮೇಲೆ ಗದರಿಸಿ ಕೇಳಿದಳು. ಜೇಡ ಯಾವುದಕ್ಕೂ ಜಗ್ಗಲಿಲ್ಲ. ಮೂವರಿಗೂ ಎದ್ದು ಹೋಗುವ ತ್ರಾಣವೂ ಇರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಅಲ್ಲೇ ಕಂಬಕ್ಕೊರಗಿ ನಿದ್ದೆ ಹೋದರು. ಸತ್ತರೆಂದು ತಿಳಿದು ಜೇಡ ಅವರ ಮೇಲೆ ಬಲೆ ಹೊದಿಸಿತು. ಎದ್ದವರು ಮೈಮೇಲಿನ ನೂಲನ್ನು ಸುತ್ತಿಕೊಂಡು ಹೊರಟರು. ವೀರರ ಕತೆಗಳಲ್ಲಿ ಇದನ್ನು ಹೇಳುವುದಿಲ್ಲ, ಆದರೆ ಕೆಲವು ಪರೀಕ್ಷೆಗಳನ್ನು ಮಲಗಿ ಗೆಲ್ಲಬಹುದು.

ಮನೆಗೆ ಬಂದದ್ದೇ ತಿರುಳು ತೊಟ್ಟಿಗೆ ಬಿತ್ತು. ದೇವೀರಿ ಜರಡಿ ಎತ್ತಿ ಹಸಿ ಹಾಳೆಯನ್ನು ಹಲಗೆಯ ಮೇಲೆ ಮಗುಚಿದಳು. ಬಣ್ಣ ಹಾಕುವುದು, ಹೊಲಿಯುವುದು ಹಾಳೆ ಒಣಗಿದ ಮೇಲೆ. ಆದರೆ ಮೋಡ ಕಟ್ಟುತ್ತಿತ್ತು, ಅಷ್ಟು ಸಮಯವಿರಲಿಲ್ಲ. ರಂಗೋಜ ಹಸಿಯ ಮೇಲೇ ಹುಲಿಯ ಪಟ್ಟೆಗಳನ್ನು ತೇಲಿಬಿಟ್ಟ. ಸೂರವ್ವ ಹಸಿಯ ಮೇಲೇ ಜೇಡದ ನೂಲನ್ನು ಹಾಸಿದಳು. ಅದರ ಮೇಲೆ ಇನ್ನೊಂದು ಹಾಳೆ, ಮತ್ತೆ ಪಟ್ಟೆ, ಮತ್ತೆ ನೂಲು. ಒಬ್ಬರಿಗೊಬ್ಬರು ಮುಖ ಕೊಡದೆ ಕೆಲಸ ಮಾಡಿದರು. ಕೈಗಳು ಮಾತ್ರ ಒಂದಕ್ಕೊಂದು ದಾರಿ ಬಿಟ್ಟುಕೊಡುತ್ತಿದ್ದವು.

ಕೊನೆಯ ಹಾಳೆಯಾದ ಮೇಲೆ ದೇವೀರಿ ಮೊದಲನೆಯದನ್ನು ಬಿಡಿಸಲು ಉಗುರು ಹಾಕಿದಳು. ಅದು ಬರಲಿಲ್ಲ.

"ಬಟ್ಟೆ ಎಲ್ಲಿ?" ಎಂದಳು.

"ಯಾವ ಬಟ್ಟೆ?" ಎಂದ ರಂಗೋಜ.

ಒಂದು ಹಸಿ ಹಾಳೆಗೂ ಇನ್ನೊಂದಕ್ಕೂ ನಡುವೆ ಬಟ್ಟೆ ಹಾಸಬೇಕು. ಹಾಸದಿದ್ದರೆ ಎಲ್ಲ ಹಾಳೆಗಳೂ ಬೆಸೆದು ಒಂದಾಗುತ್ತವೆ. ಕಾಗದದವರ ಮನೆಯ ಮಗುವಿಗೂ ಅದು ಗೊತ್ತು. ತಂತಿಯ ಮೇಲೆ ಮುದ್ದಪ್ಪ ಒಗೆದು ಹಾಕಿದ್ದ ಬಟ್ಟೆಗಳು ಹಾಗೇ ಇದ್ದದ್ದನ್ನು ಸೂರವ್ವ ನೋಡಿದ್ದಳು, ಅದು ಕಾಗದದವರ ವಿಷಯ ಎಂದು ಸುಮ್ಮನಿದ್ದಳು. ಬಟ್ಟೆ ಬೇಕೆಂದೇ ರಂಗೋಜನಿಗೆ ಗೊತ್ತಿರಲಿಲ್ಲ.

"ನೀನಾದರೂ ಹೇಳಬಾರದಿತ್ತೇ ಮಾರಾಯ್ತಿ?" ಎಂದ ಅವನು ದೇವೀರಿಗೆ.

ದೇವೀರಿ ಹಲಗೆಯ ಪಕ್ಕ ಕೂತುಬಿಟ್ಟಳು. ಮದುವೆಯಾದಂದಿನಿಂದ ಅವಳು ಒಂದು ದಿನವೂ ಬಟ್ಟೆ ಹಾಸಿರಲಿಲ್ಲ. ಅವಳು ಜರಡಿ ಮಗುಚಿ ತಿರುಗುವಷ್ಟರಲ್ಲಿ ಬಟ್ಟೆ ಬಿದ್ದಿರುತ್ತಿತ್ತು. ಎದುರಿನವನು ಏನೋ ಹರಟುತ್ತ ಹಾಸಿರುತ್ತಿದ್ದ. ಅದೂ ಒಂದು ಕೆಲಸವೆಂದು ಅವಳಿಗೆ ಹೊಳೆದಿರಲೇ ಇಲ್ಲ. ಗಂಡ ಗೋಡೆಯ ಮೇಲಿದ್ದಾನೆಂದು ಗೊತ್ತಿತ್ತು. ಮನೆಯಲ್ಲಿಲ್ಲ ಎಂಬುದು ಈಗ ಗೊತ್ತಾಯಿತು.

ಮತ್ತೆ ಮಾಡಲು ತಿರುಳಿರಲಿಲ್ಲ. ಗುಡುಗು ಕೇಳಿಸಿತು. ನೀರು ಸೋರುತ್ತಿದ್ದ ಆ ಗಟ್ಟಿಯನ್ನು ಮೂವರೂ ಹೊತ್ತುಕೊಂಡು ಕೋಟೆಗೆ ಹೋದರು.

ಧೂಮಕೇಶಿ ಅದನ್ನು ತೆರೆಯಲು ನೋಡಿದ. ಎಡದಿಂದ ನೋಡಿದ, ಬಲದಿಂದ ನೋಡಿದ. ಉಗುರು ಹಾಕಿದ, ಕತ್ತಿಯ ತುದಿ ಹಾಕಿದ. ಜೇಡದ ನೂಲು ಎಲ್ಲ ಕಡೆ ಹಿಡಿದುಕೊಂಡಿತ್ತು. ಇದು ಪುಸ್ತಕವೋ ದೋಸೆಹಿಟ್ಟೋ ಎಂದು ಕೇಳಿದ. ಪುಸ್ತಕವೇ, ಓದಲು ಬರುವುದು ನಿನ್ನ ಹೊಣೆ ಎಂದಳು ಸೂರವ್ವ. ತೊಡೆಯ ಮೇಲೆ ನೀರು ತೊಟ್ಟಿಕ್ಕಿದಾಗ ಅವನ ತಾಳ್ಮೆ ಹೋಯಿತು. ಎರಡೂ ಅಂಗೈಗಳನ್ನಿಟ್ಟು ಬಲವಾಗಿ ಒತ್ತಿದ.

ನೀರೆಲ್ಲ ಹಿಂಡಿ ಹೋಯಿತು. ಗಟ್ಟಿ ತೆಳ್ಳಗಾಯಿತು, ಒಣಗಿತು, ನಯವಾಯಿತು. ಅವನು ಅದನ್ನು ಎತ್ತಿ ಬೆಳಕಿಗೆ ಹಿಡಿದ. ಒಂದೇ ಹಾಳೆ. ಅದರೊಳಗೆ ಪಟ್ಟೆಗಳು ಒಂದರ ಕೆಳಗೊಂದು ಆಳಕ್ಕೆ ಇಳಿದುಹೋಗುತ್ತಿದ್ದವು, ನೂಲು ನಡುನಡುವೆ ಮಿನುಗುತ್ತಿತ್ತು. ಅಂಥದ್ದನ್ನು ಅವನು ನೋಡಿರಲಿಲ್ಲ. ಮಾಡಿದವರೂ ನೋಡಿರಲಿಲ್ಲ.

ಆದರೆ ಪರೀಕ್ಷಕ ಪರೀಕ್ಷಕನೇ. ಕಣ್ಣು ಕಿರಿದು ಮಾಡಿ ಒಂದೊಂದಾಗಿ ಹೇಳಿದ: ಮರ ಅಗಿದದ್ದು ಕಣಜದ ಹುಳು, ಜೊತೆಗೆ ಈ ಮೂವರ ಹಲ್ಲು. ಪಟ್ಟೆ ಹುಲಿಯದು, ನೂಲು ಜೇಡದ್ದು. ಜರಡಿ ಎತ್ತಿದ್ದು ದೇವೀರಿ, ಪಟ್ಟೆ ಬಿಟ್ಟದ್ದು ರಂಗೋಜ, ನೂಲು ಹಾಸಿದ್ದು ಸೂರವ್ವ.

"ಮುಗಿಯಿತು. ಬೇರೆ ಯಾರ ಕೈಯೂ ಇಲ್ಲ," ಎಂದು ಹಾಳೆ ಕೆಳಗಿಟ್ಟು ಎದ್ದ.

ರಂಗೋಜ ಕಣ್ಣು ಮುಚ್ಚಿಕೊಂಡ. ಸೂರವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ದೇವೀರಿ ಮಾತ್ರ ಆ ಹಾಳೆಯನ್ನೇ ನೋಡುತ್ತಿದ್ದಳು. ಇಂಥ ನಯ ಅವರ ಮನೆಯಲ್ಲಿ ಹಾಳೆ ಹಿಂಡುವ ಒತ್ತುಗಲ್ಲಿನಿಂದಲೂ ಎಂದೂ ಬಂದಿರಲಿಲ್ಲ.

"ಒತ್ತಿದ್ದು ಯಾರು?" ಎಂದಳು.

ಧೂಮಕೇಶಿ ತನ್ನ ಅಂಗೈಗಳನ್ನು ನೋಡಿಕೊಂಡ. ಅವು ಇನ್ನೂ ಒದ್ದೆಯಾಗಿದ್ದವು. ಬಾಯಿ ತೆರೆದ, ಆದರೆ ಅಷ್ಟರಲ್ಲಿ ಬಾಯಿಗೆ ದಪ್ಪವಿರಲಿಲ್ಲ. ಕಿಟಕಿಯಿಂದ ಗಾಳಿ ಬಂದು ಅವನನ್ನು ಹೊರಗೆ ಒಯ್ದಿತು. ಗೋಡೆಯವರು ಒಬ್ಬೊಬ್ಬರಾಗಿ ಉಬ್ಬಿ, ಕೆಮ್ಮುತ್ತ, ನೆಲಕ್ಕೆ ಇಳಿದರು. ಕೊನೆಯವರು ಇಳಿಯುವಾಗ ಮಳೆ ಶುರುವಾಯಿತು. ಚರಂಡಿಯಲ್ಲಿ ನೆನೆದು ಮುದ್ದೆಯಾಗಿದ್ದ ಧೂಮಕೇಶಿಯನ್ನು ದೇವೀರಿ ಅಭ್ಯಾಸಬಲದಿಂದ ಬೆರಳುಗಳ ನಡುವೆ ಉಜ್ಜಿ ನೋಡಿದಳು. ನಾರಿನಲ್ಲಿ ಕಸುವಿರಲಿಲ್ಲ. ಅಲ್ಲೇ ಬಿಟ್ಟಳು.

ರಾಜ ಚಿಲಕ ತೆಗೆದು ಹೊರಬಂದು ತಾನೇ ಗೆದ್ದಂತೆ ಕೈಬೀಸಿದ. ಪುಸ್ತಕವನ್ನು ಆಸ್ಥಾನದಲ್ಲಿ ಇಟ್ಟರು. ಅದರ ಅರ್ಥವೇನೆಂದು ಪಂಡಿತರು ಇವತ್ತಿಗೂ ವಾದಿಸುತ್ತಿದ್ದಾರೆ. ಉಪ್ಪಿನಕಾಯಿ ಜಾಡಿ ಸಿಕ್ಕಿತು. ರಂಗೋಜನ ಬಣ್ಣದ ಹಾಳೆಗಳನ್ನು ಈಗಲೂ ಸೂರವ್ವನೇ ಹೊಲಿಯುತ್ತಾಳೆ, ಇಬ್ಬರೂ ಬೈದುಕೊಂಡು ಚೆನ್ನಾಗಿದ್ದಾರೆ.

ಮುದ್ದಪ್ಪನ ಎಡಗಿವಿಯ ಮಡಿಕೆ ಮಾತ್ರ ಹೋಗಲಿಲ್ಲ. ಮಳೆ ಬಿಟ್ಟ ಬೆಳಗ್ಗೆ ಅವನು ತೊಟ್ಟಿಯ ಎದುರು ನಿಂತು, ಗೋಡೆಯ ಮೇಲೆ ತನ್ನ ಪಕ್ಕದಲ್ಲೇ ಇದ್ದ ಮಂತ್ರಿ ಎಷ್ಟು ಗೊರಕೆ ಹೊಡೆಯುತ್ತಿದ್ದ ಎಂದು ಹೇಳತೊಡಗಿದ. ದೇವೀರಿ ಜರಡಿ ಎತ್ತಿ ಹಾಳೆ ಮಗುಚಿದಳು. ತಿರುಗುವ ಮೊದಲು ಒಂದು ಕ್ಷಣ ನಿಂತಳು.

ಬಟ್ಟೆ ಬಿತ್ತು. ಅವಳು ಮತ್ತೆ ಜರಡಿ ಮುಳುಗಿಸಿದಳು.