ಅಳತೆ ದೀಪ

ಪ್ರಕಾಶ ಕೊಪ್ಪ ಠಾಣೆಯ ಮೆಟ್ಟಿಲು ಹತ್ತಿದಾಗ ಬೆಳಿಗ್ಗೆ ಎಂಟೂವರೆ. ರಾತ್ರಿ ಉಟ್ಟಿದ್ದ ಒದ್ದೆ ಪಂಚೆಯನ್ನೇ ಇನ್ನೂ ಬದಲಿಸಿರಲಿಲ್ಲ. ಹಿಂದಿನ ಸಂಜೆ ಕಮ್ಮರಡಿ ಹತ್ತಿರದ ಹಲಗೆಯ ಕಾಲುಸಂಕದಿಂದ ಅವನ ತಾಯಿ ಸಣ್ಣಕ್ಕ ಹಳ್ಳಕ್ಕೆ ಬಿದ್ದು ಸತ್ತಿದ್ದಳು.

"ಅಮ್ಮನ ಕಣ್ಣು ಚೆನ್ನಾಗೇ ಇತ್ತು ಮೇಡಂ. ಹೋದ ವಾರ ಸಂಕಕ್ಕೆ ಹೊಸ ಬಲ್ಬ್ ಹಾಕಿದಾರೆ. ಆ ಬೆಳಕಲ್ಲಿ ನನ್ನ ಕೈ ನಂಗೇ ಕಾಣಲ್ಲ. ಹಲಗೆ ಕಿತ್ತಿದ್ದು ಅವಳಿಗೆ ಎಂತ ಕಾಣುತ್ತೆ?"

ಪಿಎಸ್‌ಐ ದಾಕ್ಷಾಯಿಣಿ ನಿರ್ಲಕ್ಷ್ಯದಿಂದಾದ ಸಾವೆಂದು ಎಫ್‌ಐಆರ್ ದಾಖಲಿಸಿದರು. ಆರೋಪಿ ಯಾರೆಂದು ತಿಳಿದಿರಲಿಲ್ಲ. ಮುದುಕಿ ಕುಡಿದು ತೂರಾಡುತ್ತಿದ್ದಳೆಂದು ಊರಲ್ಲಿ ಆಗಲೇ ಗುಸುಗುಸು ಎದ್ದಿತ್ತು. ಊರ ಬಾಯಿಗೆ ಬೀಗ ಹಾಕುವವರಾರು? ಸತ್ತವಳ ಮೇಲೆ ಗೂಬೆ ಕೂರಿಸಿದ ಆ ಮಾತಿಗೆ ದಾಕ್ಷಾಯಿಣಿಯ ಮೈ ಉರಿಯಿತು.

ಪಂಚನಾಮೆ ಮಾಡಿ ಸಂಕದ ಬಲ್ಬುಗಳಲ್ಲಿ ಎರಡನ್ನು ವಶಕ್ಕೆ ಪಡೆದರು. ಎರಡೂ ಕೊಪ್ಪದ ಒಂದು ಸಣ್ಣ ಘಟಕದಲ್ಲಿ ತಯಾರಾದವು.

"ಇದರೊಳಗೆ ಹಾಕಿ ನೋಡದೆ ನಮ್ಮ ಒಂದು ಬಲ್ಬೂ ಹೊರಗೆ ಹೋಗಲ್ಲ" ಎಂದು ಘಟಕದ ಮ್ಯಾನೇಜರ್ ಬಸವೇಶ್ ಹಂಡೆಯಷ್ಟು ದೊಡ್ಡ ಗೋಳವೊಂದನ್ನು ಎರಡು ಹೋಳಾಗಿ ತೆರೆದ. ಒಳಗೆಲ್ಲ ಸುಣ್ಣದಂಥ ಬಿಳುಪು. "ಬಲ್ಬ್ ಯಾವ ಕಡೆ ಬೆಳಕು ಚೆಲ್ಲಿದ್ರೂ ಈ ಬಿಳಿಗೆ ಬಡಿದು ಬಡಿದು ಎಲ್ಲ ಕಡೆ ಒಂದೇ ಸಮ ಆಗುತ್ತೆ. ಗೋಡೇಲಿರೋ ಈ ಸೆನ್ಸಾರ್ ಒಟ್ಟು ಎಷ್ಟು ಅಂತ ಅಳೆಯುತ್ತೆ. ಬೆಳಕು ನೇರ ಅದಕ್ಕೆ ಬೀಳಬಾರದು ಅಂತ ಈ ಸಣ್ಣ ಮರೆ."

ಸಂಕದ ಬಲ್ಬನ್ನು ಒಳಗಿಟ್ಟು ಉರಿಸಿದರು. ಪರದೆಯ ಮೇಲೆ 'ಪಾಸ್' ಎಂದು ಬಂತು.

"ಇದು ನಮ್ಮ ಕೊಟ್ಟಿಗೆಗೂ ಸಾಲಲ್ಲ ಮಾರಾಯ್ರೆ!" ಎಂದ ಕಾನ್‌ಸ್ಟೆಬಲ್ ಸತೀಶ.

"ಎಷ್ಟು ಬೆಳಕಿಗೆ ಎಷ್ಟು ಅಂಕಿ ಅಂತ ಯಂತ್ರಕ್ಕೆ ಹೇಳಿಕೊಡೋದು ಯಾರು?" ದಾಕ್ಷಾಯಿಣಿ ಕೇಳಿದರು.

"ಅಳತೆ ದೀಪ ಇದೆ. ಲ್ಯಾಬಲ್ಲಿ ಅಳೆಸಿ ತಂದದ್ದು. ಸೋಮವಾರ ಸೋಮವಾರ ಅದನ್ನ ಉರಿಸಿ, ಇದು ಇಷ್ಟು ಅಂತ ಯಂತ್ರಕ್ಕೆ ತಿಳಿಸ್ತೀವಿ. ಉಳಿದದ್ದೆಲ್ಲ ಅದರ ಲೆಕ್ಕದಲ್ಲಿ."

"ತೋರಿಸಿ."

ಬೀರುವಿನಿಂದ ಹತ್ತಿಯಲ್ಲಿ ಸುತ್ತಿದ ದೀಪ ಹೊರಬಂತು. ಬಸವೇಶ್ ತಿರುಗಿಸಿ ತಿರುಗಿಸಿ ನೋಡಿದ. ಲ್ಯಾಬಿನವರು ಗಾಜಿನ ಮೇಲೆ ಕೊರೆದ ಸಂಖ್ಯೆ ಎಲ್ಲೂ ಇರಲಿಲ್ಲ.

"ಇದು ನಮ್ಮದಲ್ಲ. ಅಂಗಡಿ ಬಲ್ಬು" ಎಂದ. ದನಿ ಉಡುಗಿತ್ತು.

ಅಳೆಯುವ ಸೇರೇ ಕಿರಿದಾದರೆ ಅಕ್ಕಿ ಹೆಚ್ಚು ಕಾಣದೆ ಇರುತ್ತದೆಯೆ? ಆ ತಿಂಗಳು ಬಂದ ಎಲ್‌ಇಡಿ ಚಿಪ್‌ಗಳೇ ಕಳಪೆ. ಗೋಳ ಅವುಗಳನ್ನು ಹಿಡಿದುಕೊಡಬೇಕಿತ್ತು. ಮಂಕು ದೀಪವನ್ನೇ ಪೂರ್ತಿ ಬೆಳಕೆಂದು ನಂಬಿದ್ದ ಯಂತ್ರ ಎಲ್ಲವನ್ನೂ ಪಾಸು ಮಾಡಿತ್ತು.

"ಬೀರು ಕೀ ಯಾರ ಹತ್ರ?"

"ಟೆಸ್ಟಿಂಗ್ ಮಾಡೋ ಅಂಬಿಕಾ ಹತ್ರ. ಇವತ್ತು ಬಂದಿಲ್ಲ."

ಅಂಬಿಕಾಳ ಮನೆಗೆ ಬೀಗ ಬಿದ್ದಿತ್ತು. "ಸಾವಿನ ಸುದ್ದಿ ಕೇಳಿದಾಗಿಂದ ಒಂದು ತುತ್ತು ಉಂಡಿಲ್ಲ" ಎಂದಳು ಪಕ್ಕದ ಮನೆಯ ಪ್ರೇಮಕ್ಕ. "ಆಗ್ಲೇ ಪೇಟೇಲಿ ಜಾಸ್ತಿ ಬೆಳಕಿನ ಬಲ್ಬ್ ಕೊಂಡು, ಚೀಲದ ತುಂಬ ಹಿಡ್ಕೊಂಡು ಕಮ್ಮರಡಿ ಬಸ್ ಹತ್ತಿದ್ಲು."

ಜೀಪು ಸಂಕ ಮುಟ್ಟುವಾಗ ಮುಸ್ಸಂಜೆ. ಅಂಬಿಕಾ ಸಂಕದ ಕಂಬಿಯ ಮೇಲೆ ನಿಂತು ಬಲ್ಬು ತಿರುಗಿಸುತ್ತಿದ್ದಳು. ಕೆಳಗೆ ಹಳ್ಳ ಭೋರ್ಗರೆಯುತ್ತಿತ್ತು.

"ಇಳಿ ಅಂಬಿಕಾ."

"ಇನ್ನೆರಡೇ ಇದೆ ಮೇಡಂ, ಹಾಕಿ ಬತ್ತೆ. ಇನ್ನೊಬ್ರು ಬಿದ್ರೆ ನಾನು ಹೆಂಗೆ ಬದುಕಲಿ? ಆಮೇಲೆ ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗಿ."

 ದಾಕ್ಷಾಯಿಣಿ ಕಣ್ಸನ್ನೆ ಮಾಡಿದರು. ಸತೀಶ ಹೋಗಿ ಅವಳ ಕಾಲು ಹಿಡಿದುಕೊಂಡ. ಕೊನೆಯ ಬಲ್ಬು ಹೊತ್ತಿದಾಗ ಕಿತ್ತ ಹಲಗೆಯ ಜಾಗ ಸ್ಪಷ್ಟವಾಗಿ ಕಂಡಿತು. ಅಂಬಿಕಾ ಕಂಬಿಯಿಂದ ಇಳಿದು ಅದನ್ನು ನೋಡುತ್ತ ಅಲ್ಲೇ ಕೂತಳು. ಸಂಜೆ ಆರೂ ನಲವತ್ತಕ್ಕೆ ದಸ್ತಗಿರಿಯಾಯಿತು.

ಅಳತೆ ದೀಪ ಅವಳ ಕೈಜಾರಿ ಒಡೆದಿತ್ತು. ಅದಕ್ಕೂ ತಿಂಗಳ ಮುಂಚೆ ಒಂದು ಟ್ರೇ ಬಲ್ಬು ಬೀಳಿಸಿದ ಜೊತೆಗೆಲಸದ ದೇವಕಿಯನ್ನು ಬಸವೇಶ್ ಎಲ್ಲರೆದುರು ಬೈದು, ಕೆಲಸ ಬಿಡಿಸಿ ಗೇಟಿನಾಚೆ ಕಳಿಸಿದ್ದ. ಆ ಅವಮಾನ ತನಗೂ ಬರುತ್ತದೆಂದು ಹೆದರಿ ಅಂಗಡಿ ಬಲ್ಬು ತಂದಿಟ್ಟಿದ್ದಳು. ಹೇಳಿಕೆಯಲ್ಲಿ ಅವಳು ಹೇಳಿದ್ದು ಇಷ್ಟೇ.

"ಒಂದು ಮಾತು ಹೇಳಿದ್ರೆ ಇನ್ನೊಂದು ತರಿಸ್ತಿದ್ವಲ್ಲ" ಎಂದು ಠಾಣೆಯಲ್ಲಿ ಬಸವೇಶ್ ಹಣೆ ಚಚ್ಚಿಕೊಂಡ.

"ದೇವಕಿಗೂ ಹಾಗೇ ಅಂದಿದ್ರಾ?" ದಾಕ್ಷಾಯಿಣಿ ಕೇಳಿದರು.